ಬೆಟಗೇರಿಯ ಮನೆ ರಿಪೇರಿ ಮತ್ತು ಯಾಜಕಕಾಂಡದ 14ನೇ ಅಧ್ಯಾಯ

ಈ ವರ್ಷ ಬೈಬಲ್ ಪೂರ್ತಿ ಓದಿ ಮುಗಿಸುತ್ತೇನೆ ಅಂತ ಜನವರಿಯಲ್ಲಿ ಶುರು ಮಾಡಿದವರಲ್ಲಿ ಬಹಳ ಜನ ನಿಂತುಬಿಡುವುದು ಯಾಜಕಕಾಂಡದಲ್ಲಿ. ಆದಿಕಾಂಡ ಕಥೆಯ ಹಾಗೆ ಓಡುತ್ತದೆ. ವಿಮೋಚನಕಾಂಡವೂ ಅರ್ಧದವರೆಗೆ ಓಡುತ್ತದೆ. ಆಮೇಲೆ ಬಲಿ, ಕೊಬ್ಬು, ಚರ್ಮದ ಮೇಲಿನ ಬಾವು. ಅದನ್ನೂ ದಾಟಿ 14ನೇ ಅಧ್ಯಾಯದ 33ನೇ ವಚನಕ್ಕೆ ಬಂದರೆ, ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕು ಅನ್ನುವ ನಿಯಮ. 53ನೇ ವಚನದವರೆಗೂ ಅದೇ. ಈ ಭಾಗದ ಮೇಲೆ ಚರ್ಚಿನಲ್ಲಿ ಯಾರೂ ಪ್ರಸಂಗ, ಅಂದರೆ ಉಪದೇಶ, ಮಾಡಿದ್ದನ್ನು ನಾನು ಕೇಳಿಲ್ಲ. ಆದರೆ ಗದಗದ ಪಕ್ಕದ ಬೆಟಗೇರಿಯ ನಮ್ಮ ಮನೆ ರಿಪೇರಿಗೆ ಕೈ ಹಾಕಿದ ಮೇಲೆ ನಾನು ಮತ್ತೆ ಮತ್ತೆ ತೆರೆದು ಓದಿದ್ದು ಇದನ್ನೇ. ಗೋಡೆಯ ಕೆಲಸ ಹೇಗೆ ನಡೆಯಿತು, ಅದರ ಜೊತೆಗೆ ನಮ್ಮ ಮನೆಯೊಳಗೆ ಏನು ನಡೆಯಿತು ಅಂತ ಬರೆಯುತ್ತಿದ್ದೇನೆ. ಹಳೇ ಮನೆ ಇರುವವರಿಗೆ ಕೆಲಸದ ಮಾತುಗಳಾದರೂ ಉಪಯೋಗಕ್ಕೆ ಬರಬಹುದು.

ಮನೆ ನಮ್ಮ ಮುತ್ತಜ್ಜ ಕಟ್ಟಿಸಿದ್ದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಬೆಟಗೇರಿ ಅಂದರೆ ನೇಕಾರರ ಊರು. ನಮ್ಮವರೂ ಮಗ್ಗದವರೇ. ಪಡಸಾಲೆಯಲ್ಲಿ ಕುಣಿಮಗ್ಗ ಇತ್ತಂತೆ, ಅಂದರೆ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅಜ್ಜನ ಕಾಲಕ್ಕೆ ಮಗ್ಗ ಹೋಯಿತು, ಕುಣಿ ಮುಚ್ಚಿ ಮೇಲೆ ಫರಸಿ ಹಾಸಿದರು. ಈ ಕುಣಿಯ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಗೋಡೆಗಳು ಕಲ್ಲು ಮತ್ತು ಮಣ್ಣಿನವು, ಸುಮಾರು 2 ಅಡಿ ದಪ್ಪ. ಮೇಲೆ ಮಂಗಳೂರು ಹಂಚು.

ನನಗೆ ಬುದ್ಧಿ ಬಂದಾಗಿನಿಂದ ಪಡಸಾಲೆಯ ಗೋಡೆಯ ಕೆಳಭಾಗ ತೇವ. ಮಳೆಗಾಲ ಮುಗಿಯುವ ಹೊತ್ತಿಗೆ ಬಣ್ಣ ಉಬ್ಬುತ್ತದೆ, ಬೆರಳು ಇಟ್ಟರೆ ಪುಡಿ ಉದುರುತ್ತದೆ, ಆ ಪುಡಿ ಉಪ್ಪಿನ ಹಾಗೆ ಬೆಳ್ಳಗೆ. ಪ್ರತಿ ವರ್ಷ ಕ್ರಿಸ್ಮಸ್ ಮುಂಚೆ ಅಪ್ಪ ಅದನ್ನು ಕೆರೆಸಿ ಬಣ್ಣ ಹೊಡೆಸುತ್ತಿದ್ದರು. ಡಿಸೆಂಬರ್ ಪೂರ್ತಿ ಗೋಡೆ ಮಿಂಚುತ್ತಿತ್ತು, ಕ್ಯಾರಲ್ ಹಾಡಲು ಬಂದವರು ಅದೇ ಗೋಡೆಗೆ ಒರಗಿ ಕೂತು ಚಕ್ಕುಲಿ ತಿನ್ನುತ್ತಿದ್ದರು. ಒಂದು ಸಲ ಒಬ್ಬ ಕಾಂಟ್ರಾಕ್ಟರ್ ಬಂದು, ಮಣ್ಣಿನ ಗೋಡೆ ಅಲ್ವಾ, ಸಿಮೆಂಟ್ ಪ್ಲಾಸ್ಟರ್ ಮಾಡಿಬಿಡೋಣ, ಜನ್ಮಕ್ಕೆ ಸಾಕು ಅಂದ. ಮಾಡಿಸಿದರು. ಎರಡು ಮೂರು ವರ್ಷ ಏನೂ ಕಾಣಲಿಲ್ಲ. ಆಮೇಲೆ ತೇವ ಮೊದಲಿಗಿಂತ ಮೇಲೆ ಬಂತು, ಸುಮಾರು ಮೊಣಕಾಲಿನ ಎತ್ತರಕ್ಕೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಆ ಮನೆಯಲ್ಲಿ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ, ತಮ್ಮ ಬೆಳಗಾವಿಯಲ್ಲಿ. ನಮ್ಮ ಜೊತೆ ಬಾ ಅಂದರೆ ಬರಲಿಲ್ಲ. ಹಾಗಾದರೆ ಮನೆಯನ್ನಾದರೂ ಸರಿ ಮಾಡಿಸೋಣ ಅಂತ ತಮ್ಮನೂ ನಾನೂ ಸೇರಿ ನಿರ್ಧಾರ ಮಾಡಿದೆವು.

ರಿಪೇರಿ ಅಂತ ಬಾಯಿ ಬಿಟ್ಟ ಕೂಡಲೇ ಸಲಹೆಗಳು ಬಂದವು. ಓಣಿಯವರೊಬ್ಬರು ವಾಸ್ತು ಅಂದರು, ಬಾಗಿಲು ತಿರುಗಿಸಬೇಕು ಅಂದರು. ಬಣ್ಣದ ಅಂಗಡಿಯವರು ವಾಟರ್‌ಪ್ರೂಫ್ ಕೋಟ್ ಡಬ್ಬ ತೋರಿಸಿದರು. ನಮ್ಮ ಸಂಬಂಧಿಕರಲ್ಲೇ ಒಬ್ಬರು, ಬಹಳ ಪ್ರಾರ್ಥನೆ ಮಾಡುವವರು, ಮನೆಯಲ್ಲಿ ಯಾವುದೋ ಹಳೇ ಪಾಪ ಉಳಿದಿದೆ, ಅದಕ್ಕೇ ಗೋಡೆ ಹೀಗೆ, ಎಣ್ಣೆ ಹಚ್ಚಿ ಪ್ರಾರ್ಥಿಸೋಣ ಅಂದರು. ಈ ಕೊನೆಯ ಮಾತು ಅವ್ವನಿಗೆ ನಾಟಿತು. ರಾತ್ರಿ ಫೋನ್ ಮಾಡಿ, "ನಿಮ್ಮಪ್ಪ ಏನರ ತಪ್ಪು ಮಾಡಿದ್ರೇನು?" ಅಂತ ಕೇಳಿದಳು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬೈಬಲ್ ತೆಗೆದು, ಗೋಡೆಯ ಬಗ್ಗೆ ಎಲ್ಲೋ ಇದೆಯಲ್ಲ ಅಂತ ಹುಡುಕಿದಾಗ ಯಾಜಕಕಾಂಡ 14 ಸಿಕ್ಕಿತು.

ಅಲ್ಲಿ ಆ ಮನೆಯವನು ಪಾಪ ಮಾಡಿದ್ದ ಅಂತ ಎಲ್ಲೂ ಇಲ್ಲ. ಹುಡುಕಿ ನೋಡಿ. ಗೋಡೆಯಲ್ಲಿ ಹಸಿರಾಗಿ ಅಥವಾ ಕೆಂಪಾಗಿ ತಗ್ಗುಗಳು ಕಂಡರೆ ಮನೆಯ ಯಜಮಾನ ತಾನೇ ಯಾಜಕನ ಹತ್ತಿರ ಹೋಗಿ, ನನ್ನ ಮನೆಯಲ್ಲಿ ಏನೋ ಇದ್ದ ಹಾಗೆ ಕಾಣುತ್ತದೆ ಅಂತ ತಿಳಿಸಬೇಕು. ಅಷ್ಟೇ ಅವನ ಕೆಲಸ. ಇಂಥದ್ದೇ ಅಂತ ಅವನು ತೀರ್ಮಾನ ಹೇಳಬೇಕಾಗಿಲ್ಲ, ಯಾಕೆ ಬಂತು ಅಂತ ವಿವರಿಸಬೇಕಾಗಿಲ್ಲ. ಹೋಗಿ ಹೇಳಬೇಕು. ನೋಡುವ ಕೆಲಸ ಯಾಜಕನದು. ನಾನು ಇದನ್ನು ಫೋನಿನಲ್ಲಿ ಅವ್ವನಿಗೆ ಓದಿ ಹೇಳಿದೆ. ಅವ್ವ ಹೂಂ ಅಂದಳು. ಸಮಾಧಾನ ಆಯಿತೋ ಇಲ್ಲವೋ ಆವತ್ತು ಗೊತ್ತಾಗಲಿಲ್ಲ.

ಸಂಕಟವನ್ನೆಲ್ಲ ಶಾಪ ಅಂತ ಹೇಳುವ ವಿಶ್ವಾಸಿಗಳ ಜೊತೆ ನನಗೆ ಜಗಳವಿದೆ, ಅದನ್ನು ಇಲ್ಲಿ ನೇರವಾಗಿಯೇ ಹೇಳುತ್ತೇನೆ. ಹುಟ್ಟು ಕುರುಡನನ್ನು ತೋರಿಸಿ ಇವನು ಪಾಪ ಮಾಡಿದನೋ ಇವನ ತಂದೆತಾಯಿ ಮಾಡಿದರೋ ಅಂತ ಶಿಷ್ಯರು ಕೇಳಿದಾಗ ಯೇಸು ಎರಡೂ ಅಲ್ಲ ಅಂದ. ಯೋಹಾನ 9ರಲ್ಲಿದೆ. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿಗೆ ನಿನ್ನ ಮನೆಯಲ್ಲಿ ಪಾಪ ಇದೆ ಅನ್ನುವ ಮೊದಲು ಆ ಅಧ್ಯಾಯ ಓದಬೇಕು.

ಗೌಂಡಿ ಸಿಕ್ಕಿದ್ದು ಚರ್ಚಿನ ಹಿಂದಿನ ಓಣಿಯ ಒಬ್ಬರ ಮೂಲಕ. ವಯಸ್ಸಾದವರು, ಮುಸಲ್ಮಾನರು. ಅವರ ತಂದೆ ಗಚ್ಚಿನ, ಅಂದರೆ ಸುಣ್ಣದ ಗಾರೆಯ ಕೆಲಸ ಮಾಡುತ್ತಿದ್ದರಂತೆ. ಎಲ್ಲರೂ ಕಾಕಾ ಅನ್ನುತ್ತಾರೆ, ನಾವೂ ಹಾಗೇ ಅಂದೆವು. ಕಾಕಾ ಬಂದವರು ಗೋಡೆ ಮುಟ್ಟಲಿಲ್ಲ. ಮೊದಲು ಮನೆಯ ಸುತ್ತ ಹೊರಗೆ ಒಂದು ಸುತ್ತು ಹಾಕಿದರು. ಹಂಚಿನಿಂದ ನೀರು ಎಲ್ಲಿ ಬೀಳುತ್ತದೆ ನೋಡಿದರು. ಮುಂದಿನ ಮೆಟ್ಟಿಲು ಎಷ್ಟಿದ್ದವು ಅಂತ ಅವ್ವನನ್ನು ಕೇಳಿದರು. ನಾನು ಮದುವೆಯಾಗಿ ಬಂದಾಗ ಮೂರು ಇದ್ದವು, ಈಗ ಒಂದೇ ಅಂದಳು ಅವ್ವ. ಆಮೇಲೆ ಕಾಕಾ ಒಳಗೆ ಬಂದು ಹೇಳಿದರು:

"ತಂಗೀ, ನೀರು ಮ್ಯಾಲಿಂದ ಬರವಲ್ದು, ಕೆಳಗಿಂದ ಏರಾಕತ್ತೈತಿ. ರಸ್ತೆ ಎತ್ತರ ಆಗ್ಯಾದ, ಮನಿ ಕಟ್ಟಿ ಮಣ್ಣಾಗ ಹೋಗ್ಯಾದ. ಮ್ಯಾಲ ಸಿಮೆಂಟ್ ಹಚ್ಚಿ ಗ್ವಾಡಿ ಉಸಿರು ಕಟ್ಟೀರಿ."

ವಿಷಯ ಹೀಗೆ. ಹಳೇ ಗೋಡೆಗಳ ಕೆಳಗೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಕಲ್ಲಿನ ಸಂದಿಯ ಮಣ್ಣಿನ ಮೂಲಕ ಮೇಲೆ ಏರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ಹಿಂದೆ ಗೋಡೆಗೆ ಮಣ್ಣು ಅಥವಾ ಸುಣ್ಣದ ಗಾರೆ ಇದ್ದಾಗ ಆ ತೇವ ಗೋಡೆಯ ಮೈಯಿಂದಲೇ ಗಾಳಿಗೆ ಆರಿ ಹೋಗುತ್ತಿತ್ತು. ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಆಯಿಲ್ ಪೇಂಟ್ ಬಂದ ಮೇಲೆ ಆರಲು ದಾರಿ ಇಲ್ಲ. ತೇವ ಒಳಗೇ ಮೇಲೆ ಮೇಲೆ ಏರುತ್ತದೆ. ನೀರಿನ ಜೊತೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ಹೊರಗೆ ತಳ್ಳುತ್ತದೆ. ನಾವು ನೋಡುತ್ತಿದ್ದ ಬಿಳಿ ಪುಡಿ ಅದೇ. ನಮ್ಮ ರಸ್ತೆಗೆ ಡಾಂಬರು, ಅದರ ಮೇಲೆ ಮತ್ತೆ ಡಾಂಬರು, ಆಮೇಲೆ ಕಾಂಕ್ರೀಟ್ ಬಿದ್ದು ಬಿದ್ದು ಮಳೆ ನೀರು ಗೋಡೆಯ ಬುಡಕ್ಕೇ ನಿಲ್ಲುತ್ತಿತ್ತು. ಅದಕ್ಕೆ ಸರಿಯಾಗಿ ಒಳಗೆ ಮಗ್ಗದ ಕುಣಿ. ಅದನ್ನು ಕಪ್ಪು ಎರೆಮಣ್ಣಿನಿಂದಲೇ ತುಂಬಿದ್ದರು. ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ.

ಕಲೆ ಕಾಣುವುದು ಪಡಸಾಲೆಯಲ್ಲಿ, ಕಾರಣ ಇರುವುದು ರಸ್ತೆಯಲ್ಲಿ ಮತ್ತು ನೆಲದ ಕೆಳಗೆ. ನಿಮ್ಮೊಳಗೆ ಜಗಳಗಳು ಎಲ್ಲಿಂದ ಬರುತ್ತವೆ ಅಂತ ಯಾಕೋಬನ ಪತ್ರಿಕೆಯ 4ನೇ ಅಧ್ಯಾಯ ಕೇಳುತ್ತದಲ್ಲ, ಅದೇ ರೀತಿಯ ಪ್ರಶ್ನೆ ಕಾಕಾ ಕೇಳಿದ್ದು. ಎಲ್ಲಿ ಕಾಣುತ್ತಿದೆ ಅಂತ ಕೇಳಲಿಲ್ಲ, ಎಲ್ಲಿಂದ ಬರುತ್ತಿದೆ ಅಂತ ಕೇಳಿದರು.

ಕೆಲಸಕ್ಕೆ ಮೊದಲು ಮನೆ ಖಾಲಿ ಮಾಡಬೇಕಿತ್ತು. ತಮ್ಮ ಬೆಳಗಾವಿಯಿಂದ ಬಂದ. ಕಪಾಟು, ಮಂಚ, ಟ್ರಂಕು, ಹಿತ್ತಾಳೆ ಕೊಡ, ಅಪ್ಪನ ಕುರ್ಚಿ ಎಲ್ಲವೂ ಅಂಗಳಕ್ಕೆ. ಅವ್ವನಿಗೆ ಇದು ಬಹಳ ಕಷ್ಟವಾಯಿತು. ಓಣಿಯವರೆಲ್ಲ ನೋಡುತ್ತಾರೆ ಅನ್ನೋದು ಒಂದು, ಅಪ್ಪ ಇಟ್ಟ ಜಾಗದಿಂದ ವಸ್ತುಗಳು ಕದಲಿದವು ಅನ್ನೋದು ಇನ್ನೊಂದು. ಯಾಜಕಕಾಂಡದ 36ನೇ ವಚನದಲ್ಲೂ ಇದೇ ಇದೆ. ಯಾಜಕ ಒಳಗೆ ಬರುವ ಮೊದಲು ಮನೆ ಖಾಲಿ ಮಾಡಬೇಕು. ಅವನು ಬಂದು ಅಶುದ್ಧ ಅಂತ ಹೇಳಿಬಿಟ್ಟರೆ ಒಳಗಿದ್ದ ಸಾಮಾನೆಲ್ಲ ಅಶುದ್ಧವಾಗುತ್ತದೆ, ಅದಕ್ಕೆ ಮೊದಲೇ ಹೊರಗೆ ತನ್ನಿ ಅನ್ನುತ್ತದೆ ನಿಯಮ. ನಾನು ಇದನ್ನು ಮೊದಲ ಸಲ ಗಮನಿಸಿ ಓದಿದಾಗ ಮನಸ್ಸು ಕರಗಿತು. ಒಬ್ಬ ಬಡವನ ಮಡಕೆ ಕುಡಿಕೆ ಹಾಳಾಗಬಾರದು ಅಂತ ದೇವರು ನಿಯಮದಲ್ಲಿ ಒಂದು ಸಾಲು ಹಾಕಿದ್ದಾನೆ. ಕಠಿಣ ಅಂತ ನಾವು ದಾಟಿ ಹೋಗುವ ಪುಸ್ತಕದಲ್ಲಿ ಇಂಥ ಕರುಣೆ.

ಪ್ಲಾಸ್ಟರ್ ಬಿಚ್ಚುವ ಕೆಲಸ ಗದ್ದಲದ್ದು. ಸುತ್ತಿಗೆ, ಉಳಿ, ಧೂಳು. ಸಿಮೆಂಟ್ ಹಲಗೆ ಹಲಗೆಯಾಗಿ ಕಳಚಿ ಬಂತು, ಯಾಕೆಂದರೆ ಹಿಂದೆ ಅದು ಗೋಡೆಗೆ ಅಂಟಿಕೊಂಡೇ ಇರಲಿಲ್ಲ. ಹೊರಗೆ ನಯವಾಗಿ ಕಂಡ ಜಾಗದಲ್ಲೇ ಒಳಗಿನ ಮಣ್ಣು ಕೆಸರಾಗಿತ್ತು. ಕಿಟಕಿಯ ಚೌಕಟ್ಟಿನ ಬುಡದಲ್ಲಿ ಗೆದ್ದಲು. ಕೆಲವು ಕಲ್ಲುಗಳು ಕೈಯಲ್ಲಿ ಎಳೆದರೆ ಬರುತ್ತಿದ್ದವು. ಮೇಲೆ ಒಣಗಿದ ಹಾಗೆ ಕಂಡಲ್ಲೂ ಬಿಚ್ಚಬೇಕಾ ಅಂತ ತಮ್ಮ ಕೇಳಿದ. ತೇವದ ಗುರುತಿಗಿಂತ ಇನ್ನೂ ಎರಡು ಮೊಳ ಮೇಲಿನವರೆಗೆ ಬಿಚ್ಚಬೇಕು, ಇಲ್ಲದಿದ್ದರೆ ಉಪ್ಪು ಅಲ್ಲೇ ಉಳಿಯುತ್ತದೆ ಅಂದರು ಕಾಕಾ. ಯಾಜಕಕಾಂಡವೂ ಹಾಗೇ ಹೇಳುತ್ತದೆ. ಹಾಳಾದ ಕಲ್ಲು ತೆಗೆದು ಊರ ಹೊರಗೆ ಎಸೆಯಿರಿ, ಒಳಗಿನ ಗೋಡೆಯನ್ನು ಸುತ್ತಲೂ ಕೆರೆಯಿರಿ, ಬೇರೆ ಕಲ್ಲು ಬೇರೆ ಗಾರೆ ಹಾಕಿರಿ.

ಯೆಹೆಜ್ಕೇಲನ 13ನೇ ಅಧ್ಯಾಯದಲ್ಲಿ ಸುಳ್ಳು ಪ್ರವಾದಿಗಳ ಮೇಲೆ ದೇವರು ಹೊರಿಸುವ ದೊಡ್ಡ ಆರೋಪ ಇದೇ. ಜನ ಸಡಿಲ ಗೋಡೆ ಕಟ್ಟುತ್ತಾರೆ, ಇವರು ಅದಕ್ಕೆ ಸುಣ್ಣ ಬಳಿಯುತ್ತಾರೆ. ಸಮಾಧಾನ ಇಲ್ಲದಿದ್ದಾಗ ಸಮಾಧಾನ ಇದೆ ಅನ್ನುತ್ತಾರೆ. ಮಳೆ ಬಂದಾಗ ಗೋಡೆಯೂ ಇರುವುದಿಲ್ಲ, ಬಳಿದವರೂ ಇರುವುದಿಲ್ಲ. ನಮ್ಮ ಸಭೆಗಳಲ್ಲಿ ಇದು ಈಗಲೂ ನಡೆಯುತ್ತದೆ. ಹೇಗಿದ್ದೀರಿ ಅಂತ ಕೇಳುತ್ತೇವೆ, ದೇವರ ಕೃಪೆ ಅನ್ನುತ್ತೇವೆ, ಮುಂದೆ ಹೋಗುತ್ತೇವೆ. ಆ ಉತ್ತರದ ಹಿಂದೆ ಏನಿದೆ ಅಂತ ಕೇಳುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಅವ್ವನನ್ನೂ ಹಾಗೇ ಎಲ್ಲರೂ ಕೇಳಿದ್ದರು. ಅವಳೂ ಹಾಗೇ ಉತ್ತರ ಕೊಟ್ಟಿದ್ದಳು.

ಅಡುಗೆಮನೆಯ ಕಥೆ ಬೇರೆ. ಅದು ಹಳೇ ಮನೆಯ ಭಾಗ ಅಲ್ಲ, 1990ರ ದಶಕದಲ್ಲಿ ಹಿಂದೆ ಸೇರಿಸಿದ್ದು. ಅದರ ಮೂಲೆಯಲ್ಲಿ ಮೇಲಿಂದ ಕೆಳಗೆ ಒಂದು ಬಿರುಕು. ಬೇಸಿಗೆಯಲ್ಲಿ ಬೆರಳು ತೂರುತ್ತದೆ, ಮಳೆಗಾಲದಲ್ಲಿ ಕೂದಲೆಳೆಯಷ್ಟು ಆಗುತ್ತದೆ. ಗದಗ ಸೀಮೆಯವರಿಗೆ ಇದು ಗೊತ್ತಿರುವ ರೋಗ. ಎರೆಮಣ್ಣು ನೀರು ಕುಡಿದರೆ ಊದುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ, ಅದರ ಮೇಲೆ ಕೂತ ಪಾಯವೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಕಾಕಾ ಮೂಲೆಯ ಹೊರಗೆ ಒಂದು ಗುಂಡಿ ತೋಡಿಸಿದರು. ಅಡುಗೆಮನೆಯ ಪಾಯ 2 ಅಡಿಗೇ ಮುಗಿದಿತ್ತು, ಎರೆಮಣ್ಣಿನಲ್ಲೇ. ಆಮೇಲೆ ಹಳೇ ಮನೆಯ ಪಾಯದ ಪಕ್ಕ ತೋಡಿಸಿದರು. ಅದು ಎರೆಮಣ್ಣನ್ನು ದಾಟಿ ಕೆಳಗೆ ಹೋಗಿ ಗರಸಿನ, ಅಂದರೆ ಗಟ್ಟಿ ಕಲ್ಲುಮಣ್ಣಿನ ಮೇಲೆ ಕೂತಿತ್ತು. ಮುತ್ತಜ್ಜನ ಕಾಲದವರ ಹತ್ತಿರ ಸಿಮೆಂಟ್ ಇರಲಿಲ್ಲ, ಕಬ್ಬಿಣ ಇರಲಿಲ್ಲ, ಆದರೆ ಗಟ್ಟಿ ನೆಲ ಸಿಗುವವರೆಗೆ ತೋಡಿದ್ದರು.

ಯೇಸು ಹೇಳಿದ ಎರಡು ಮನೆಗಳ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಎಲ್ಲರಿಗೂ ಗೊತ್ತು. ಮತ್ತಾಯನಲ್ಲಿ ಬಂಡೆ ಮತ್ತು ಉಸುಬು. ಲೂಕನ 6ನೇ ಅಧ್ಯಾಯದಲ್ಲಿ ಸ್ವಲ್ಪ ಬೇರೆ ಇದೆ, ಆ ಗುಂಡಿಯ ಅಂಚಿನಲ್ಲಿ ನಿಂತಾಗ ನನಗೆ ನೆನಪಾದದ್ದು ಲೂಕನದು. ಅಲ್ಲಿ ಮೊದಲನೆಯವನು ಆಳವಾಗಿ ಅಗೆದು ಬಂಡೆಯ ಮೇಲೆ ಅಸ್ತಿವಾರ ಹಾಕಿದ, ಎರಡನೆಯವನು ಅಸ್ತಿವಾರವಿಲ್ಲದೆ ನೆಲದ ಮೇಲೆಯೇ ಕಟ್ಟಿದ. ಲೂಕನ ಪ್ರಕಾರ ವ್ಯತ್ಯಾಸ ಬರುವುದು ಅಗೆಯುವುದರಲ್ಲಿ. ಇಬ್ಬರಿಗೂ ಕೆಳಗೆ ಬಂಡೆ ಇದ್ದಿರಬಹುದು, ನಮ್ಮ ಮನೆಗೂ ಅಡುಗೆಮನೆಗೂ ಕೆಳಗೆ ಒಂದೇ ಗರಸು ಇದ್ದ ಹಾಗೆ. ಒಬ್ಬ ಅಲ್ಲಿಯವರೆಗೆ ಹೋದ, ಇನ್ನೊಬ್ಬ ಹೋಗಲಿಲ್ಲ. ಇಬ್ಬರೂ ಯೇಸುವಿನ ಮಾತು ಕೇಳಿದವರೇ ಅನ್ನೋದನ್ನೂ ಮರೆಯಬಾರದು. ಚರ್ಚಿಗೆ ಬಂದವನು ಬಾರದವನು ಅಂತ ಅಲ್ಲಿ ವಿಂಗಡಣೆ ಇಲ್ಲ. ಕೇಳಿ ಅದರಂತೆ ನಡೆದವನು, ಕೇಳಿ ಸುಮ್ಮನಾದವನು, ಅಷ್ಟೇ. ಹೊರಗಿನಿಂದ ನೋಡಿದರೆ ಎರಡೂ ಮನೆ ಒಂದೇ. ನಮ್ಮ ಬಿರುಕನ್ನೂ ಆಗಸ್ಟಿನಲ್ಲಿ ಬಂದವರಿಗೆ ತೋರಿಸಿದ್ದರೆ ಏನೂ ಇಲ್ಲ ಬಿಡ್ರಿ ಅನ್ನುತ್ತಿದ್ದರು.

ಪಾಯ ಕೆಳಗಿಳಿಸುವುದನ್ನು ಒಮ್ಮೆಲೇ ಮಾಡಬಾರದು. ಪೂರ್ತಿ ಉದ್ದಕ್ಕೆ ತೋಡಿದರೆ ಗೋಡೆ ಕೂತುಬಿಡುತ್ತದೆ. 3 ಅಡಿಯ ಒಂದು ತುಂಡು ತೋಡಿ, ಗರಸಿನವರೆಗೆ ಹೋಗಿ, ಕಲ್ಲು ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಒಂದು ತುಂಡು ಬಿಟ್ಟು ಮುಂದಿನದು. ಕೊನೆಗೆ ಬಿಟ್ಟವು. ಇದು ನಿಧಾನದ ಕೆಲಸ. ಯಾರಾದರೂ ಬೇಗ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಗಳನ್ನು ಅಂಟಿಸಿದರು. ಗೋಡೆ ಇನ್ನೂ ಕದಲುತ್ತಿದ್ದರೆ ಗಾಜು ಒಡೆಯುತ್ತದೆ.

ಇಷ್ಟೆಲ್ಲ ಆಗುವ ಹೊತ್ತಿಗೆ ಡಿಸೆಂಬರ್ ಬಂತು. ಹೊರಗೆ ಗೋಡೆಯ ಬುಡದ ಮಣ್ಣು ತೆಗೆದು, ಗಟಾರಕ್ಕೆ ಇಳಿಜಾರು ಮಾಡಿ, ಜಲ್ಲಿ ತುಂಬಿಸಿದ್ದೆವು. ಹಂಚಿನ ಅಂಚಿಗೆ ನೀರು ಹಿಡಿಯುವ ಪೈಪು ಬಂದಿತ್ತು. ಮಗ್ಗದ ಕುಣಿಯ ಮಣ್ಣು ತೆಗೆದು ಗರಸು ಹಾಕಿದ್ದಾಗಿತ್ತು. ಇನ್ನು ಪ್ಲಾಸ್ಟರ್ ಮಾಡಿಬಿಡಿ ಕಾಕಾ, ಕ್ರಿಸ್ಮಸ್ ಬಂತು ಅಂದೆ. ಅವರು ತಲೆ ಅಲ್ಲಾಡಿಸಿದರು. ಗೋಡೆ ಒಣಗಬೇಕು. ದಪ್ಪ ಗೋಡೆಯಾದರೆ ಒಂದು ಇಂಚಿಗೆ ಒಂದು ತಿಂಗಳು ಅನ್ನೋ ಲೆಕ್ಕ ಇದೆ. ಪೂರ್ತಿ ಒಣಗುವವರೆಗೆ ಕಾಯಲಾಗದಿದ್ದರೂ ಬೇಸಿಗೆಯ ಗಾಳಿ ಸ್ವಲ್ಪ ಆಡುವವರೆಗಾದರೂ ಬಿಡಲೇಬೇಕು. ಹಸಿ ಗೋಡೆಯ ಮೇಲೆ ಏನು ಹಚ್ಚಿದರೂ ಮತ್ತೆ ಅದೇ ಕಥೆ.

"ಕ್ರಿಸ್ಮಸ್ಸಿಗೆ ಮಂದಿ ಬರ್ತಾರ. ಹಿಂಗ ಬರೀ ಕಲ್ಲು ತೋರಿಸಿಕೋತ ಕುಂದ್ರೂದೇನು?" ಅಂದಳು ಅವ್ವ. ಬಟ್ಟೆಯ ಪರದೆ ಕಟ್ಟೋಣ ಅಂದಳು. ಪರದೆ ಕಟ್ಟಿದರೆ ಗಾಳಿ ಆಡುವುದಿಲ್ಲ ಅಂತ ಅದನ್ನೂ ಬಿಟ್ಟೆವು. ಹೀಗಾಗಿ ಆ ವರ್ಷ ನಮ್ಮ ಮನೆಯಲ್ಲಿ ಆಗಮನ ಕಾಲ, ಅಂದರೆ ಕ್ರಿಸ್ಮಸ್ ಮುಂಚಿನ ವಾರಗಳು, ಪೂರ್ತಿ ಕಲ್ಲು ಮಣ್ಣು ಕಾಣುವ ಗೋಡೆಯ ಜೊತೆಗೇ ಕಳೆಯಿತು. ನಕ್ಷತ್ರ ಮಾತ್ರ ಬಾಗಿಲಿಗೆ ಕಟ್ಟಿದೆವು.

ಕ್ರಿಸ್ಮಸ್ ಮುಂಚಿನ ವಾರ ಮನೆ ಪ್ರಾರ್ಥನೆಗೆ ಸಭಾಪಾಲಕರು, ಅವರ ಹೆಂಡತಿ, ಮಹಿಳಾ ಸಂಘದ ಕೆಲವರು ಬಂದರು. ಎಲ್ಲರ ಕಣ್ಣೂ ಗೋಡೆಯ ಮೇಲೆ. ಏನಾಯ್ತ್ರೀ ಅಂತ ಕೇಳಿದರು, ಅವ್ವ ಹೇಳಬೇಕಾಯಿತು. ತೇವ ಎಷ್ಟು ವರ್ಷದಿಂದ ಇತ್ತು, ಅಪ್ಪ ಹೇಗೆ ಬಣ್ಣ ಹೊಡೆಸುತ್ತಿದ್ದರು, ಒಳಗೆ ಏನಾಗಿತ್ತು, ಎಲ್ಲ ಹೇಳುತ್ತಾ ಹೋದಳು. ಅಪ್ಪನ ಹೆಸರು ಬಂದಲ್ಲಿ ಮಾತು ನಿಂತಿತು. ಆಮೇಲೆ ಸಭಾಪಾಲಕರ ಕಡೆ ತಿರುಗಿ, ಯಾರೂ ನಿರೀಕ್ಷೆ ಮಾಡದ ಮಾತು ಹೇಳಿದಳು.

"ಪಾಸ್ಟರ್, ಅವ್ರು ಹೋದಾಗಿಂದ ನನಗ ಪ್ರಾರ್ಥನಾ ಮಾಡಾಕ ಬರವಲ್ದು. ಚರ್ಚಿಗೆ ಬರ್ತೀನಿ, ಹಾಡ್ತೀನಿ. ಮನ್ಯಾಗ ಮಣಕಾಲೂರಿದ್ರ ಬಾಯಾಗ ಮಾತೇ ಹೊರಡವಲ್ದು. ಯಾಕ ಕರ್ಕೊಂಡೀ ಅಂತ ಕೇಳಾಕ ಮನಸ್ಸಾಗ್ತೈತಿ, ಕೇಳಾಕ ಅಂಜಿಕಿ."

ಪ್ರತಿ ಭಾನುವಾರ ಮುಂದಿನ ಸಾಲಿನಲ್ಲಿ ಕೂತು ಗಟ್ಟಿಯಾಗಿ ಹಾಡುವ ಹೆಂಗಸು. ಕೂತವರಲ್ಲಿ ಒಬ್ಬರು ಕೂಡಲೇ, ಹಂಗ ಅನಬ್ಯಾಡ್ರಿ, ದೇವರ ಚಿತ್ತ ಅಂತ ಸಮಾಧಾನ ಹೇಳಲು ಹೊರಟರು. ಸಭಾಪಾಲಕರು ಕೈ ಎತ್ತಿ ತಡೆದರು. ಅದಕ್ಕೆ ನಾನು ಅವರಿಗೆ ಯಾವತ್ತಿಗೂ ಋಣಿ. ಅವರು ಪ್ರಸಂಗ ಮಾಡಲಿಲ್ಲ. "ಅವ್ವಾರ, ಇವತ್ತ ಬ್ಯಾರೆ ವಾಕ್ಯ ಓದೂಣು" ಅಂತ ಹೇಳಿ, ತಯಾರಿ ಮಾಡಿಕೊಂಡು ಬಂದಿದ್ದ ಕ್ರಿಸ್ಮಸ್ ವಾಕ್ಯ ಬಿಟ್ಟು, ಕೀರ್ತನೆಗಳ 88ನೇ ಅಧ್ಯಾಯ ಓದಿದರು.

88ನೇ ಕೀರ್ತನೆಯನ್ನು ಓದಿ ನೋಡಿ. ಬೇರೆ ಶೋಕದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಯಾಕೆ ನನ್ನನ್ನು ತಳ್ಳಿಬಿಟ್ಟೆ, ಯಾಕೆ ಮುಖ ಮರೆಮಾಡಿದೆ ಅಂತ ಕೇಳುತ್ತದೆ, ಆಪ್ತರನ್ನು ದೂರ ಮಾಡಿದೆ ಅನ್ನುತ್ತದೆ, ಕತ್ತಲಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಯೂ ದೇವರ ಗ್ರಂಥದಲ್ಲಿ ಇದೆ ಅನ್ನೋದು ಅವ್ವನಿಗೆ ಗೊತ್ತೇ ಇರಲಿಲ್ಲ. "ಹಿಂಗೂ ಕೇಳಬಹುದೇನ್ರಿ?" ಅಂದಳು. ಕೇಳಿದಾರಲ್ರೀ ಅಂದರು ಸಭಾಪಾಲಕರು. ಆಮೇಲೆ ಅವರ ಹೆಂಡತಿ ಅವ್ವನ ಪಕ್ಕ ಬಂದು ಕೂತರು. ಉಳಿದವರು ಚಹಾ ಕುಡಿದು ಹೋದರು, ಅವರು ಕತ್ತಲಾಗುವವರೆಗೂ ಇದ್ದರು. ಏನು ಮಾತಾಡಿದರು ಅಂತ ನಾನು ಕೇಳಿಲ್ಲ.

ಗೋಡೆ ಬಿಚ್ಚಿದ್ದಕ್ಕೇ ಅವ್ವ ಬಿಚ್ಚಿಕೊಂಡಳು ಅಂತ ನಾನು ಹೇಳುತ್ತಿಲ್ಲ. ದೇವರು ಹೇಗೆ ಕೆಲಸ ಮಾಡುತ್ತಾನೆ ಅನ್ನೋದನ್ನು ಅಷ್ಟು ಸುಲಭದ ಲೆಕ್ಕಕ್ಕೆ ಇಳಿಸಬಾರದು. ಆದರೆ ಗೋಡೆ ಬಣ್ಣ ಹೊಡೆದು ಮಿಂಚುತ್ತಿದ್ದರೆ ಆವತ್ತು ಯಾರೂ ಏನಾಯ್ತ್ರೀ ಅಂತ ಕೇಳುತ್ತಿರಲಿಲ್ಲ ಅನ್ನೋದು ಮಾತ್ರ ನಿಜ. ಯಾಜಕಕಾಂಡದ ಮನೆಯವನ ಹಾಗೆ ಅವ್ವ ತಾನೇ ಹೋಗಿ ಹೇಳಿದಳು, ಏನೋ ಇದ್ದ ಹಾಗೆ ಕಾಣುತ್ತದೆ ಅಂತ. ಬೈಬಲಿನಲ್ಲಿ ಮಗುವಿಗಾಗಿ ಅತ್ತು ಬೇಡಿದ ಹನ್ನಳನ್ನೂ ನೆನಪಿಸಿಕೊಳ್ಳಿ. ದೇವಾಲಯದಲ್ಲಿ ಅವಳು ತನ್ನ ಮನಸ್ಸನ್ನು ದೇವರ ಮುಂದೆ ಹೊಯ್ದುಕೊಳ್ಳುತ್ತಿದ್ದಾಗ ಯಾಜಕ ಏಲಿಗೇ ಅದು ಅರ್ಥವಾಗಲಿಲ್ಲ, ಕುಡಿದಿದ್ದಾಳೆ ಅಂದುಕೊಂಡ. ದುಃಖ ಹೇಳುವವರು ಇರಬೇಕು, ಅದನ್ನು ತಪ್ಪು ತಿಳಿಯದೆ ನೋಡುವ ಕಣ್ಣೂ ಇರಬೇಕು. ಪಾಸ್ಟರಮ್ಮ ಆವತ್ತು ಆ ಕಣ್ಣಾದರು.

ಫೆಬ್ರವರಿ ಕೊನೆಗೆ ಕಾಕಾ ಗೋಡೆಯನ್ನು ಕೈಯಿಂದ, ಆಮೇಲೆ ಕೆನ್ನೆಯಿಂದ ಮುಟ್ಟಿ ನೋಡಿ, ಇನ್ನು ಹಚ್ಚಬಹುದು ಅಂದರು. ಸುಣ್ಣದ ಕೆಲಸ ನಾನು ಮೊದಲ ಸಲ ನೋಡಿದ್ದು. ಸುಟ್ಟ ಕಲ್ಲುಸುಣ್ಣಕ್ಕೆ ನೀರು ಹಾಕಿದರೆ ಕುದಿಯುತ್ತದೆ, ನಿಜವಾಗಿಯೂ ಕುದಿಯುತ್ತದೆ. ಹತ್ತಿರ ಹೋಗಬಾರದು, ಕಣ್ಣಿಗೆ ಹಾರಿದರೆ ಕಣ್ಣು ಹೋಗುತ್ತದೆ. ಅದನ್ನು ಡಿಸೆಂಬರಿನಲ್ಲೇ ಅರಳಿಸಿ, ಸೋಸಿ, ನೀರು ಆರದ ಹಾಗೆ ಗುಂಡಿಯಲ್ಲಿ ಮುಚ್ಚಿಟ್ಟಿದ್ದರು. ಹಳೆಯದಾದಷ್ಟು ಬೆಣ್ಣೆಯಂತಾಗುತ್ತದೆ. 1 ಪಾಲು ಸುಣ್ಣ, 3 ಪಾಲು ಉಸುಕು, ಸ್ವಲ್ಪ ಬೆಲ್ಲದ ನೀರು. ತೆಳುವಾಗಿ ಒಂದು ಪದರ, ಅದು ಬಿಗಿದ ಮೇಲೆ ಇನ್ನೊಂದು. ಬೇಗ ಒಣಗಬಾರದು ಅಂತ ಗೋಣಿಚೀಲ ನೆನೆಸಿ ಕಟ್ಟಬೇಕು. ಅವ್ವ ಬೆಳಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದಳು. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಎಳೆದುಕೊಂಡು ಅದು ಮತ್ತೆ ಸುಣ್ಣದ ಕಲ್ಲಾಗುತ್ತದೆ, ಸುಡುವ ಮೊದಲು ಏನಾಗಿತ್ತೋ ಅದೇ. ಇದಕ್ಕೆ ತಿಂಗಳುಗಳು ಬೇಕು, ವರ್ಷಗಳೂ ಬೇಕಾಗಬಹುದು. ಅವ್ವ ನೀರು ಚಿಮುಕಿಸುತ್ತಾ ಏನೋ ಗೊಣಗುತ್ತಿರುತ್ತಿದ್ದಳು. ಒಂದು ದಿನ ಹಿಂದೆ ನಿಂತು ಕೇಳಿಸಿಕೊಂಡೆ. ಯಾಕ, ಯಾಕ ಅಂತ ದೇವರನ್ನೇ ಕೇಳುತ್ತಿದ್ದಳು. ಮಾತು ಬಂದಿತ್ತು.

ಮೇಲೆ ಆಯಿಲ್ ಪೇಂಟ್ ಹಚ್ಚಿಲ್ಲ, ಹಚ್ಚಬಾರದು ಕೂಡ. ಬರೀ ಸುಣ್ಣ, ಸ್ವಲ್ಪ ನೀಲಿ ಹಾಕಿ.

ಮೊದಲ ಮಳೆಗಾಲ ಕಳೆಯಿತು. ತೇವ ಪೂರ್ತಿ ಹೋಗಿಲ್ಲ. ಮೊಣಕಾಲಿನ ಎತ್ತರ ಇದ್ದದ್ದು ಗೇಣಿನಷ್ಟಕ್ಕೆ ಇಳಿದಿದೆ. ಮಳೆ ನಿಂತು ಕೆಲವು ವಾರಕ್ಕೆ ಅದೂ ಆರುತ್ತದೆ, ಬಣ್ಣ ಉಬ್ಬುವುದಿಲ್ಲ. ಹಳೇ ಗೋಡೆಗೆ ಇಷ್ಟೇ ಸಾಧ್ಯ, ಪೂರ್ತಿ ಒಣಗಿಸುತ್ತೇನೆ ಅನ್ನುವವರನ್ನು ನಂಬಬೇಡಿ ಅನ್ನುತ್ತಾರೆ ಕಾಕಾ. ಅಡುಗೆಮನೆಯ ಗಾಜಿನ ಪಟ್ಟಿಗಳಲ್ಲಿ ಒಂದು ಒಡೆದಿದೆ, ಉಳಿದವು ಹಾಗೇ ಇವೆ. ಒಡೆದದ್ದರ ಜಾಗದಲ್ಲಿ ಹೊಸದು ಅಂಟಿಸಿ, ಬೇಸಿಗೆ ನೋಡೋಣ ಅಂದಿದ್ದಾರೆ. ಯಾಜಕಕಾಂಡದ ಯಾಜಕನೂ ಒಂದೇ ಸಲ ನೋಡಿ ಹೋಗುವುದಿಲ್ಲ. ಏಳು ದಿನ ಮನೆ ಮುಚ್ಚಿಸಿ ಮತ್ತೆ ಬರುತ್ತಾನೆ, ಗಾರೆ ಹಚ್ಚಿದ ಮೇಲೆ ಮತ್ತೊಮ್ಮೆ ಬರುತ್ತಾನೆ. ಬೂಷ್ಟು ಹರಡದಿದ್ದರೆ ಶುದ್ಧ ಅಂತ ಹೇಳಿ, ಎರಡು ಹಕ್ಕಿಗಳನ್ನು ತರಿಸಿ, ಒಂದರ ರಕ್ತ ಚಿಮುಕಿಸಿ, ಇನ್ನೊಂದನ್ನು ಊರ ಹೊರಗೆ ಬಯಲಿನಲ್ಲಿ ಬಿಟ್ಟುಬಿಡುತ್ತಾನೆ. ಒಂದು ಸತ್ತು ಇನ್ನೊಂದು ಹಾರಿ ಹೋಗುವ ಆ ವಚನಗಳನ್ನು ಶಿಲುಬೆಯನ್ನು ನೆನೆಯದೆ ನನಗೆ ಓದಲು ಆಗುವುದಿಲ್ಲ.

ಪಾಸ್ಟರಮ್ಮನೂ ಮತ್ತೆ ಮತ್ತೆ ಬರುತ್ತಾರೆ. ಗುರುವಾರ ಸಂಜೆ ಬಂದು ಅವ್ವನ ಜೊತೆ ಒಂದೊಂದು ಕೀರ್ತನೆ ಓದುತ್ತಾರೆ, ಈಗ ಓಣಿಯ ಇನ್ನೊಬ್ಬ ವಿಧವೆಯೂ ಸೇರಿಕೊಂಡಿದ್ದಾರೆ. ನಿಮ್ಮ ಮನೆಯಲ್ಲೂ ಇಂಥ ಗೋಡೆ ಇದ್ದರೆ ಹಿಂಗಾರು ಮಳೆ ಮುಗಿದ ಕೂಡಲೇ ಬಿಚ್ಚಿಸಿ, ಬೇಸಿಗೆ ಪೂರ್ತಿ ಒಣಗಲು ಸಿಗುತ್ತದೆ. ಕ್ರಿಸ್ಮಸ್ಸಿಗೆ ಬರುವ ಮಂದಿ ಬರಲಿ, ಕಲ್ಲು ನೋಡಲಿ. ನಮ್ಮ ಹಿಂದಿನ ಕೋಣೆ ಇನ್ನೂ ಉಳಿದಿದೆ, ಅದರ ಗೋಡೆಯನ್ನು ಈ ನವೆಂಬರಿಗೆ ಬಿಚ್ಚಿಸಬೇಕು ಅಂತ ಅವ್ವನೇ ಕಾಕಾಗೆ ಫೋನ್ ಮಾಡಿ ಹೇಳಿದ್ದಾಳೆ.